ಕಮಲಳನ್ನು ತೆಗೆದ ಮೇಲೆ

"ಬರೆದು ಮುಗೀತು ಅಂತ ಯುಗಾದಿ ಹೊತ್ತಿಗೇ ಅಂದಿದ್ಯಲ್ಲ, ಮತ್ತೆ ಏನು ಬರೀತಿದ್ದೀಯ?" ಶಿವರಾಮ ಮುದ್ದೆ ಮುರಿಯುತ್ತ ಮಗಳನ್ನು ಕೇಳಿದ.

"ತಿದ್ತಾ ಇದ್ದೀನಿ ಅಪ್ಪ."

"ಯಾಕೆ, ತಪ್ಪಾಗಿತ್ತಾ?"

"ತಪ್ಪು ಅಂತಲ್ಲ. ಅದು ಮೊದಲ್ನೇ ಕರಡು. ಈಗ ಬೇಡದ್ದು ತೆಗೀಬೇಕು, ಬೇಕಾದ್ದು ಸೇರಿಸ್ಬೇಕು."

"ಅಂದ್ರೆ ಕಟ್ಟಿದ ಮನೇಲಿ ಗೋಡೆ ಒಡೆದು ಮತ್ತೆ ಕಟ್ಟೋದು. ನಮ್ಮ ಅಂಗಡಿಗೆ ನಿನ್ನಂಥ ಗಿರಾಕಿಗಳೇ ಬೇಕು ನೋಡು," ಎಂದು ಶಿವರಾಮ ತನ್ನ ಮಾತಿಗೆ ತಾನೇ ನಕ್ಕ. ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಮನೆ ಒಡೆದು ಕಟ್ಟುವವರ ಮೇಲೇ ಅವನ ಸಂಸಾರ ನಡೆಯುತ್ತಿತ್ತು.

"ಉಣ್ಣೋ ಹೊತ್ನಲ್ಲಿ ಅವಳನ್ನ ಯಾಕೆ ಕೆಣಕ್ತೀರ. ಇಂಚು, ಸಾರು ಹಾಕ್ಲಾ?" ಎಂದು ಸೌಮ್ಯ ಉತ್ತರಕ್ಕೂ ಕಾಯದೆ ಮಗಳ ತಟ್ಟೆಗೆ ಬಸ್ಸಾರು ಬಡಿಸಿದಳು.

ಇಂಚರ ಕನ್ನಡ ಎಂ.ಎ. ಮುಗಿಸಿ ಮನೆಯಲ್ಲೇ ಇದ್ದಳು. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ಹುಡುಗಿ. ಕಾಲೇಜಿನ ಸಂದರ್ಶನಕ್ಕೆ ಹೋದರೆ ಬೆವರಿ ವಾಪಸು ಬರುತ್ತಿದ್ದಳು. ಬಾಯಲ್ಲಿ ಆಡಲಾಗದ್ದನ್ನೆಲ್ಲ ಬರೆದಿಟ್ಟು ಬರೆದಿಟ್ಟು, ಅದೇ ಬೆಳೆದು ಕಾದಂಬರಿಯಾಗಿತ್ತು. ಹೊಲ ಹೋಗಿ ಲೇಔಟ್ ಆದ ಊರಿನಲ್ಲಿ ಒಂದು ಮನೆ. ಲಕ್ವ ಹೊಡೆದು ಮಲಗಿದ ಮುದುಕ. ಅವನನ್ನು ನೋಡಿಕೊಂಡ ಇಬ್ಬರು ಸೊಸೆಯರು. ಹಿರಿಯಳು ಕಮಲ, ಕಿರಿಯಳು ನೀಲ. ಹೆಸರು ಬೇರೆಯಿದ್ದರೂ ಆ ಮುದುಕ ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳ ತಾತ ಬೈರಣ್ಣ ಹಾಗೇ ಮಲಗಿದ್ದು, ನಾಲ್ಕು ವರ್ಷದ ಹಿಂದೆ ಹೋಗಿದ್ದ.

ಹಿರಿಯ ಸೊಸೆ ಯಾರೆಂಬುದೂ ಗೊತ್ತಿತ್ತು. ಮೊದಲ ಕರಡಿನ ಒಂದು ಅಧ್ಯಾಯವನ್ನು ಇಂಚರ ಚಪಾತಿ ಲಟ್ಟಿಸುತ್ತಿದ್ದ ಅಮ್ಮನಿಗೆ ಓದಿ ಹೇಳಿದ್ದಳು. ಸೌಮ್ಯ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. ಆಮೇಲೆ, "ಕಮಲಂಗೆ ಒಳ್ಳೆ ಸೀರೆ ಉಡ್ಸಿದ್ದೀಯ. ಮಾವನ್ನ ಎತ್ತಿ ಇಳಿಸೋಳು ಅಂಥಾ ಸೀರೆ ಉಟ್ಕೋತಾಳೇನೆ, ಹೆಡ್ಡಿ," ಎಂದಳು. ಅಷ್ಟೇ. ಆದರೆ ಆ ದಿನ ಮಗಳ ಚಪಾತಿಗೆ ತುಪ್ಪ ಹೆಚ್ಚು ಬಿತ್ತು.

ಬನಶಂಕರಿ ಎರಡನೇ ಹಂತದಲ್ಲಿ ಕರಿಬಸವಯ್ಯ ಎಂಬ ನಿವೃತ್ತ ಮೇಷ್ಟ್ರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸಣ್ಣ ಪ್ರಕಾಶನ ನಡೆಸುತ್ತಿದ್ದರು. ನವೆಂಬರ್‌ನಲ್ಲಿ ಪುಸ್ತಕ ತರುತ್ತೇನೆಂದು ಮಾತು ಕೊಟ್ಟಿದ್ದರು. ಇಂಚರ ಹೋದಾಗ, ತುಂಬ ಪೆನ್ಸಿಲ್ಲಿನ ಗೀಟು ಎಳೆದಿದ್ದ ಅವಳ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟರು.

"ನೋಡಮ್ಮ, ನಿನ್ನ ಕಿವಿ ಚೆನ್ನಾಗಿದೆ. ಮಾತು ಬರೆಯೋದು ಬರುತ್ತೆ. ಆದ್ರೆ ಎರಡು ಕೆಲಸ ಮಾಡ್ಬೇಕು. ಒಂದು, ಪ್ರತಿ ಅಧ್ಯಾಯ ಗಟ್ಟಿಯಾಗಿ ಯಾರಿಗಾದ್ರೂ ಓದು. ಎಲ್ಲಿ ನಾಲಿಗೆ ಎಡವುತ್ತೋ ಅಲ್ಲಿ ತಿದ್ದು. ಮತ್ತೆ ಓದು."

"ಸರಿ ಸಾರ್."

"ಇನ್ನೊಂದು, ಈ ಕಮಲ. ಇನ್ನೂರು ಪುಟದಲ್ಲಿ ಇವಳು ಬಾಯೇ ಬಿಡಲ್ಲ. ಬರೀ ಒಗೀತಾಳೆ, ಒರೆಸ್ತಾಳೆ. ನೀಲ ಬಂದ್ರೆ ಪುಟ ಎದ್ದು ಕೂರುತ್ತೆ. ಎರಡು ಪಾತ್ರ ಯಾಕೆ? ಕಮಲನ್ನ ತೆಗೆದುಬಿಡು. ಅವಳ ಕೆಲಸಾನೂ ನೀಲಂಗೇ ಕೊಡು."

"ಕಮಲ ಇಲ್ದೆ..." ಎಂದಳು ಇಂಚರ.

"ಹೆದರ್ಕೋಬೇಡ. ಕಮಲ ಎಲ್ಲೂ ಹೋಗಲ್ಲ. ನೀಲನೊಳಗೆ ಇರ್ತಾಳೆ."

ಅದು ಇಂಚರಳಿಗೆ ಆ ಹೊತ್ತಿಗೆ ಸರಿಯೆನಿಸಿತು. ಮನೆಗೆ ಬಂದು ತಿದ್ದಲು ಕೂತಾಗ ಇನ್ನೂ ಸರಿಯೆನಿಸಿತು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ; ಕಮಲ ಹೋದ ಕಡೆಯೆಲ್ಲ ಬರವಣಿಗೆ ಹಗುರವಾಯಿತು. ಮುದುಕ ಗಂಜಿ ತಿನ್ನಿಸುವವಳ ಕೆನ್ನೆಗೆ ಹೊಡೆಯುವ ಒಂದು ಸನ್ನಿವೇಶವಿತ್ತು. ಮೊದಲ ಕರಡಿನಲ್ಲಿ ಕಮಲ ಏಟು ತಿಂದು ಸುಮ್ಮನೆ ಮುಂದಿನ ಚಮಚ ಎತ್ತುತ್ತಿದ್ದಳು. ಈಗ ನೀಲ, "ಮಾವ, ಈ ಕೆನ್ನೆ ಕೆಂಪಗಾಯ್ತು. ಆ ಕಡೆಗೂ ಒಂದು ಬಿಡಿ, ಜೋಡಿ ಆಗ್ಲಿ," ಎನ್ನುತ್ತಾಳೆ. ಮುದುಕ ನಗುತ್ತಾನೆ. ಈ ಸಾಲು ಬರೆದ ದಿನ ಇಂಚರ ತಾರಸಿಗೆ ಹೋಗಿ ಒಬ್ಬಳೇ ಅತ್ತಿಂದಿತ್ತ ಓಡಾಡಿದಳು.

ಗಟ್ಟಿಯಾಗಿ ಓದಲು ಅವಳಿಗೆ ಸಿಕ್ಕವಳು ಅಜ್ಜಿ ಮಂಗಮ್ಮ. ಕಮಲಳನ್ನು ತೆಗೆದ ಮೇಲೆ ಅಮ್ಮನೆದುರು ಓದುವಂತಿರಲಿಲ್ಲ; ಬೇರೆ ಯಾರೆದುರೂ ಅವಳಿಗೆ ದನಿ ಏಳುತ್ತಿರಲಿಲ್ಲ. ಮಂಗಮ್ಮನಿಗೆ ಅಕ್ಷರ ಬಾರದು. ಮಂಡಿ ಹಿಡಿದುಕೊಂಡು ಹೊರಗೆ ಹೋಗುವುದೂ ನಿಂತಿತ್ತು. ಈಚೆಗೆ ಮಾತ್ರೆ ತಗೊಂಡೆನೋ ಇಲ್ಲವೋ ಎಂಬುದು ಮರೆಯುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಹಜಾರದಲ್ಲಿ ಮೊರ ಮುಂದಿಟ್ಟುಕೊಂಡು ದಂಟಿನಸೊಪ್ಪು ಬಿಡಿಸುತ್ತ ಕೂರುತ್ತಿದ್ದಳು. ಇಂಚರ ಪಕ್ಕದಲ್ಲಿ ಕೂತು ಓದುವಳು.

"'ಬೇಸಾಯ ಬಿಟ್ಟ ಮೇಲೆ ನಾವು ನಿರುದ್ಯೋಗಿಗಳಾದೆವು' ಅಂತಾನಾ ಆ ಮುದುಕ? ನಮ್ಮೋರು ಯಾರೂ ಹಂಗನ್ನಲ್ಲ ಕಣೆ."

"ಮತ್ತೇನಂತಾರೆ ಅಜ್ಜಿ?"

"'ಕೈ ಬರಿದಾಗೋಯ್ತು' ಅಂತಾರೆ. ಬರ್ಕೋ."

ಇಂಚರ ಬರೆದುಕೊಂಡಳು. ಮಾರನೆಯ ದಿನ ತಿದ್ದಿದ್ದನ್ನು ಮತ್ತೆ ಓದಿದಳು. ಅದಕ್ಕೆ ಮಂಗಮ್ಮ ಇನ್ನೊಂದು ಮಾತು ಸೇರಿಸಿದಳು. ಮೂರನೆಯ ದಿನ ಮತ್ತೆ ಅದೇ ಅಧ್ಯಾಯ. ಒಂದೊಂದು ಅಧ್ಯಾಯವನ್ನೂ ಅಜ್ಜಿ ಹತ್ತು ಹನ್ನೆರಡು ಸಲ ಕೇಳಿರಬೇಕು. ಅವಳಿಗೆ ಬೇಜಾರೇ ಇಲ್ಲ. "ಆ ಗಂಜೀದು ಓದೇ," ಎಂದು ತಾನಾಗಿ ಕೇಳುತ್ತಿದ್ದಳು. ನೀಲ ಮಾವನ ಕಾಲುಗುರು ಕತ್ತರಿಸುವುದು, ನೀಲ ಬೆನ್ನಿನ ಹುಣ್ಣಿಗೆ ಪೌಡರು ಹಾಕುವುದು, ನೀಲ ಬಿಸಿಲಿಗೆ ಮಂಚ ಎಳೆಯುವುದು. ಓದುವವಳು ಮುಂದಿನ ಸಾಲಿಗೆ ಬರುವ ಮೊದಲೇ ಅಜ್ಜಿ ಅದನ್ನು ಹೇಳಿಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಮೊದಲ ಮಹಡಿಯಿಂದ ಚಿಕ್ಕಮ್ಮ ಶಾಲಿನಿ ಕತ್ತಿಗೆ ಅಳತೆಯ ಟೇಪು ಹಾಕಿಕೊಂಡೇ ಇಳಿದು ಬಂದಳು. ಮೇಲೆ ಅವಳದು ಬ್ಲೌಸ್ ಹೊಲಿಯುವ ಬೊಟೀಕು. ಚಿಕ್ಕಪ್ಪ ನಂದಕುಮಾರನದು ನೀರಿನ ಟ್ಯಾಂಕರು. ಮಾತಿನಲ್ಲಿ ಶಾಲಿನಿಯನ್ನು ಯಾರೂ ಗೆಲ್ಲುವಂತಿರಲಿಲ್ಲ. ಬಾಗಿಲಲ್ಲೇ ನಿಂತು ಎರಡು ಪುಟ ಕೇಳಿ ಚಪ್ಪಾಳೆ ತಟ್ಟಿದಳು.

"ಏಯ್ ಇಂಚು, ಇದು ನಾನೇ ಕಣೆ! ನನ್ನ ಡೈಲಾಗೆಲ್ಲ ಕದ್ದಿದ್ದೀಯ! ಅಕ್ಕ, ಕೇಳಿಸ್ಕೊಂಡ್ರಾ? ನಿಮ್ಮ ಮಗಳು ನನ್ನ ಹೀರೋಯಿನ್ ಮಾಡ್ಬಿಟ್ಟಿದ್ದಾಳೆ!"

ಅಡುಗೆಮನೆಯಲ್ಲಿ ಸೌಮ್ಯ ಮಿಕ್ಸಿ ಹಾಕಿದಳು. ಅದು ನಿಂತ ಮೇಲೆ, "ಹೂ, ಕೇಳಿಸ್ತು," ಎಂದಳು.

ಸಂಜೆ ಒಲೆಯ ಮುಂದೆ ಅವಳು ಮಗಳ ಮುಖ ನೋಡದೆ ಕೇಳಿದಳು.

"ಕಮಲ ಎಲ್ಲಿ ಹೋದ್ಲು?"

"ಮೇಷ್ಟ್ರು ಬೇಡ ಅಂದ್ರು ಅಮ್ಮ."

"ಏನು ಮಾಡಿದ್ಲಂತೆ?"

"ಏನೂ ಮಾಡ್ಲಿಲ್ಲ. ಅವಳು ಮಾತೇ ಆಡಲ್ಲ ಅಂತ. ಕಥೆ ಮುಂದಕ್ಕೆ ಹೋಗಲ್ಲ ಅಂತ."

ಸೌಮ್ಯ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಳು. "ಸರಿ ಬಿಡು. ಮಾತಾಡದೋಳನ್ನ ಇಟ್ಕೊಂಡು ನೀನಾದ್ರೂ ಏನ್ಮಾಡ್ತೀಯ."

"ಅಮ್ಮ, ಅದು ಕಥೆ. ನೀನು ಬೇಜಾರು ಮಾಡ್ಕೋಬೇಡ."

"ನಾನ್ಯಾಕೆ ಮಾಡ್ಕೊಳ್ಲಿ? ಆ ತಟ್ಟೆ ಇತ್ತ ಕೊಡು."

ಗೌರಿ ಗಣೇಶ ಹಬ್ಬ ಕಳೆದು ಒಂದು ಭಾನುವಾರ ಬೇಗೂರಿನಿಂದ ಮಂಗಮ್ಮನ ತಮ್ಮ ಕೆಂಪರಾಜು ಅಕ್ಕನನ್ನು ನೋಡಲು ಬಂದ. ಎರಡೂ ಮನೆಯವರು ಕೆಳಗೆ ಒಟ್ಟಿಗೆ ಊಟಕ್ಕೆ ಕೂತರು. ಸೌಮ್ಯ ಬಡಿಸುತ್ತಿದ್ದಳು. ಮಾತು ಮುಂದೆ ಬರುವ ಹಿರಿಯರ ಹಬ್ಬದ ಕಡೆಗೆ ತಿರುಗಿತು. ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುವುದು ಎಲ್ಲರ ಮನೆಯಲ್ಲೂ ಉಂಟು. ಈ ಮನೆಯಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಕೊನೆಗಾಲದಲ್ಲಿ ಯಾರು ಸತ್ತವರ ಮೈ ತೊಳೆದು ಬಾಯಿಗೆ ನೀರು ಬಿಟ್ಟರೋ ಅವರೇ ಉಪವಾಸವಿದ್ದು ಎಡೆ ಇಡಬೇಕು. ಬೈರಣ್ಣನ ಎಡೆಯನ್ನು ನಾಲ್ಕು ವರ್ಷವೂ ಸೌಮ್ಯ ಇಟ್ಟಿದ್ದಳು.

"ಭಾವ ಕೊನೇಲಿ ಬಹಳ ನೋವು ತಿಂದ," ಎಂದ ಕೆಂಪರಾಜು.

"ನೋವು ತಿಂದ್ರೂ ನಮ್ಮ ಶಾಲಿನಿ ಅವರ್ನ ನಗಿಸ್ತಾನೇ ಕಳಿಸಿದ್ಲು ಕಣೋ," ಎಂದಳು ಮಂಗಮ್ಮ. "ಒಂದಿನ ಗಂಜಿ ತಿನ್ನಿಸ್ತಾ ಇದ್ರೆ ಕಪಾಳಕ್ಕೆ ಬಿಟ್ರು. ಇವಳೇನಂದ್ಲು ಗೊತ್ತಾ? 'ಮಾವ, ಈ ಕೆನ್ನೆ ಕೆಂಪಗಾಯ್ತು, ಆ ಕಡೆಗೂ ಒಂದು ಬಿಡಿ, ಜೋಡಿ ಆಗ್ಲಿ' ಅಂದ್ಲು. ಅಷ್ಟು ನೋವಲ್ಲೂ ನಕ್ಬಿಟ್ರು!"

ಕೆಂಪರಾಜು ಹೊಟ್ಟೆ ತುಂಬ ನಕ್ಕ. ಇಂಚರಳ ಬಾಯಲ್ಲಿ ಅನ್ನ ಹಾಗೇ ಉಳಿಯಿತು. ಸೌಮ್ಯ ಎತ್ತಿದ ಸೌಟನ್ನು ಪಾಯಸದ ಪಾತ್ರೆಗೆ ವಾಪಸ್ ಇಳಿಸಿದಳು.

"ಅಯ್ಯೋ ಅತ್ತೆ," ಎಂದಳು ಶಾಲಿನಿ, "ಅದು ಇಂಚು ಬರೆದಿರೋದು. ಕಥೇಲಿ ಬರೋ ನೀಲ ಅಂದಿದ್ದು."

"ನೀಲ ಯಾರೇ ನೀಲ? ಹೆಸರು ಬದಲಾಯ್ಸಿದ್ರೆ ನನಗೆ ಗೊತ್ತಾಗಲ್ವಾ? ನಾನೇನು ಆ ಮನೇಲಿ ಇರ್ಲಿಲ್ವಾ?"

"ಅಮ್ಮ, ಅಪ್ಪನ್ನ ನೋಡ್ಕೊಂಡಿದ್ದು ಅತ್ತಿಗೆ," ಎಂದ ನಂದಕುಮಾರ.

"ಅವಳೂ ಮಾಡಿದ್ಲು, ಇಲ್ಲ ಅನ್ನಲ್ಲ. ಅಡುಗೆ ಗಿಡುಗೆ," ಎಂದಳು ಮಂಗಮ್ಮ. ಸ್ವಲ್ಪ ಯೋಚಿಸಿ ಮುಂದುವರಿಸಿದಳು. "ಆದ್ರೂ ಇಷ್ಟು ವರ್ಷ ಸೌಮ್ಯನ ಕೈಲಿ ಯಾಕೆ ಎಡೆ ಇಡಿಸಿದ್ವೋ ಕಾಣೆ. ಈ ಸಲ ಶಾಲಿನಿ ಇಡ್ಲಿ. ನ್ಯಾಯ ಅನ್ನೋದೊಂದಿದೆ."

ಸೌಮ್ಯ ಬಂದು ಅತ್ತೆಯ ಲೋಟಕ್ಕೆ ಪಾಯಸ ಬಿಟ್ಟಳು. "ಬಿಸಿ ಇದೆ ಅತ್ತೆ, ಆರಿಸ್ಕೊಂಡು ಕುಡೀರಿ," ಎಂದಳು.

ಪಾತ್ರೆ ತೊಳೆಯುವಾಗ ಅವಳ ಕೋಪ ಹೊರಬಂತು. ಶಿವರಾಮ ಹಲ್ಲುಕಡ್ಡಿ ಹುಡುಕುತ್ತ ಅಡುಗೆಮನೆಗೆ ಬಂದಿದ್ದ.

"ರೀ, ನೀವು ಯಾಕೆ ಬಾಯಿ ಬಿಡ್ಲಿಲ್ಲ? ನಂದಕುಮಾರನಾದ್ರೂ ಒಂದು ಮಾತು ಅಂದ."

"ಅಮ್ಮಂಗೆ ವಯಸ್ಸಾಯ್ತು. ಮರೆವು. ಅದನ್ನ ಹಿಡ್ಕೊಂಡು ಜಗ್ತೀಯಲ್ಲ."

"ನಿಮಗೆ ನೆನಪಿದ್ಯಾ?"

"ಏನು?"

"ಯಾರು ಮಾಡಿದ್ರು ಅಂತ."

"ನೀನೇ ಮಾಡ್ದೆ," ಎಂದ ಶಿವರಾಮ. ಹಾಗೆಂದವನು, ತೂಕ ಸರಿಮಾಡುವವನಂತೆ, "ಶಾಲಿನಿನೂ ಬರ್ತಿದ್ಲಲ್ಲ. ಅಪ್ಪಂಗೆ ಅವಳ ಮಾತು ಕೇಳೋಕೆ ಖುಷಿ," ಎಂದ.

ಸೌಮ್ಯ ಬಾಣಲೆಯನ್ನು ಸಿಂಕಿನಲ್ಲಿ ಕುಕ್ಕಿದಳು. "ಬರ್ತಿದ್ಲು. ಪೂಜೆ ಮುಗಿಸ್ಕೊಂಡು ಬಂದು ಐದು ನಿಮಿಷ ನಿಂತು ಹೋಗ್ತಿದ್ಲು. ಮುಂದಿನ ವರ್ಷ ನೀವೂ ಅವಳೇ ಅಂತೀರ ಬಿಡಿ."

"ಈಗ ನನ್ನೇನು ಮಾಡು ಅಂತೀಯ? ಎಡೆ ಯಾರು ಇಟ್ರೆ ಏನು? ಉಪವಾಸ ಒಂದು ತಪ್ಪುತ್ತೆ ನಿಂಗೆ."

ಸೌಮ್ಯ ನಲ್ಲಿ ನಿಲ್ಲಿಸಿ ಗಂಡನನ್ನು ನೋಡಿದಳು. ಅವನು ಹಲ್ಲುಕಡ್ಡಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಬಾಗಿಲ ಮರೆಯಲ್ಲಿ ತಟ್ಟೆಗಳನ್ನು ಹಿಡಿದು ನಿಂತಿದ್ದ ಇಂಚರಳಿಗೆ ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

ಮರುದಿನವೇ ಅವಳು ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು.

"ಸಾರ್, ಕಮಲನ್ನ ವಾಪಸ್ ಹಾಕ್ತೀನಿ."

ಕರಿಬಸವಯ್ಯ ಕನ್ನಡಕ ತೆಗೆದರು. "ಯಾಕಮ್ಮ? ಈಗ ಪುಸ್ತಕ ಎಷ್ಟು ಗಟ್ಟಿಯಾಗಿದೆ. ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲ. ಅದೇ ತೊಂದ್ರೆ ಸಾರ್."

"ಮನೆಯವರಿಗೋಸ್ಕರ ತಿದ್ದೋಕೆ ಹೊರಟ್ರೆ ಕಾದಂಬರಿ ಉಳಿಯಲ್ಲ. ಈ ಮಾತು ನಿನಗೆ ಇಷ್ಟವಾಗದೆ ಇರ್ಬಹುದು. ಆದ್ರೆ ಪುಸ್ತಕ ಓದೋರಿಗೆ ನಿಮ್ಮಮ್ಮ ಗೊತ್ತಿಲ್ಲ."

"ನಮ್ಮ ಮನೆಯೋರಿಗೂ ಗೊತ್ತಿಲ್ದಂಗೆ ಆಗ್ತಿದೆ ಸಾರ್," ಎಂದಳು ಇಂಚರ. ಇದು ಬಾಯಿಪಾಠ ಮಾಡಿಕೊಂಡ ಮಾತಲ್ಲ.

ಮೇಷ್ಟ್ರು ಬಹಳ ಹೊತ್ತು ಪೆನ್ಸಿಲ್ಲು ತಿರುಗಿಸಿದರು. "ನವೆಂಬರ್‌ಗೆ ಆಗಲ್ಲ ಹಾಗಾದ್ರೆ. ಆ ಜಾಗಕ್ಕೆ ಬೇರೆಯವರದ್ದು ತಗೋಬೇಕಾಗುತ್ತೆ. ಮುಂದೆ ಯಾವಾಗ ಅಂತ ಈಗಲೇ ಹೇಳೋಕೆ ಬರಲ್ಲ."

"ಆಗ್ಲಿ ಸಾರ್."

ಕಮಲಳನ್ನು ತೆಗೆದಷ್ಟು ಸುಲಭವಾಗಿ ಅವಳನ್ನು ಮರಳಿ ಸೇರಿಸಲಾಗಲಿಲ್ಲ. ನೀಲ ಎಲ್ಲ ಕಡೆ ಕೂತುಬಿಟ್ಟಿದ್ದಳು. ಒಂದು ಕಡೆ ಎಬ್ಬಿಸಿದರೆ ಮುಂದಿನ ಪುಟ ಕುಂಟುತ್ತಿತ್ತು. ಇಂಚರ ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡೇ ತಿದ್ದಿದಳು. "ಪುಸ್ತಕ ನವೆಂಬರ್‌ಗೆ ಬರಲ್ವಂತೆ," ಎಂದಾಗ ಶಿವರಾಮ, "ಹಂಗಾದ್ರೆ ಆ ಚಂದಾಪುರದ ಹುಡುಗನ ಕಡೆಯೋರಿಗೆ ನಿನ್ನ ನೋಡೋಕೆ ಬನ್ನಿ ಅಂತ ಹೇಳ್ಲಾ? ಪುಸ್ತಕ ಆಗ್ಲಿ, ಪುಸ್ತಕ ಆಗ್ಲಿ ಅಂತಿದ್ದೆ," ಎಂದ. ಸೌಮ್ಯ ಮಾತ್ರ ಮಗಳನ್ನು ತಾರಸಿಯಲ್ಲಿ ಹಿಡಿದು ನಿಲ್ಲಿಸಿದಳು. ಕೈಯಲ್ಲಿ ಒಣಗಿದ ಬಟ್ಟೆಯ ರಾಶಿಯಿತ್ತು.

"ನನಗೋಸ್ಕರ ನಿನ್ನ ಪುಸ್ತಕ ಕೆಡಿಸ್ಕೋಬೇಡ."

"ಕೆಡಿಸ್ತಿಲ್ಲಮ್ಮ, ಸರಿ ಮಾಡ್ತಿದ್ದೀನಿ."

"ಅವತ್ತೂ ಸರಿ ಮಾಡ್ತಿದ್ದೀನಿ ಅಂತಾನೇ ಅಂದಿದ್ದೆ."

ಇಂಚರಳಿಗೆ ಅಳು ಬಂತು. ಸೌಮ್ಯ ಬಟ್ಟೆಯ ಅರ್ಧ ರಾಶಿಯನ್ನು ಅವಳ ತೋಳಿಗೆ ಹಾಕಿ, "ಮಡಿಚು," ಎಂದಳು.

ಅಜ್ಜಿಯ ನೆನಪು ಓದಿ ಓದಿ ಬದಲಾಗಿದ್ದರೆ ಓದಿ ಓದಿಯೇ ಮತ್ತೆ ಸರಿಯಾಗಬಹುದು ಎಂಬುದು ಇಂಚರಳ ಲೆಕ್ಕ. ಹಬ್ಬಕ್ಕೆ ಇನ್ನೂ ವಾರವಿತ್ತು. ತಿದ್ದಿದ ಅಧ್ಯಾಯ ತಂದು ಹಜಾರದಲ್ಲಿ ಕೂತಳು. ಮಂಗಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"'ಕಮಲ ಬಟ್ಟಲು ಹಿಡಿದು ಮಾವನ ಪಕ್ಕ ಕೂತಳು...'"

"ಯಾರು ಕೂತಿದ್ದು?"

"ಕಮಲ, ಅಜ್ಜಿ. ಹಿರೀ ಸೊಸೆ."

"ಇವಳ್ಯಾವಳೇ ಕಮಲ? ಬಾಡಿಗೆಗೆ ಬಂದೋಳಾ?"

"ಅಲ್ಲಜ್ಜಿ. ಮನೆ ಸೊಸೆ. ಅವಳೇ ನೋಡ್ಕೊಂಡಿದ್ದು."

"ನೀಲ ಎಲ್ಲಿ ಸತ್ತಳು?"

"ಅವಳೂ ಇದ್ದಾಳೆ. ಆಮೇಲೆ ಬರ್ತಾಳೆ."

ಮಂಗಮ್ಮ ಎರಡು ಪುಟ ಕೇಳಿದಳು. ಮೂರನೆಯದಕ್ಕೆ ತಲೆ ಅಲ್ಲಾಡಿಸಿದಳು. "ಚೆನ್ನಾಗಿಲ್ಲ. ಮೊದಲು ಓದ್ತಿದ್ದೆಯಲ್ಲ, ಅದು ಓದು."

ಮಾರನೆಯ ದಿನವೂ ಅಷ್ಟೇ ಆಯಿತು. ಅದರ ಮಾರನೆಯ ದಿನ ಇಂಚರ ಹಟ ಹಿಡಿದು ಓದುತ್ತಲೇ ಹೋದಳು. ಮಂಗಮ್ಮ ಬೆಳ್ಳುಳ್ಳಿಯ ಮೊರವನ್ನು ತಳ್ಳಿದಳು. ಸಿಪ್ಪೆ ಹಜಾರವೆಲ್ಲ ಹಾರಿತು.

"ಸುಳ್ಳು ಸೇರಿಸ್ತಿದ್ದೀಯ ನೀನು! ನಮ್ಮ ಯಜಮಾನರ ವಿಷಯದಲ್ಲಿ ಸುಳ್ಳು ಹೇಳ್ತೀಯಾ? ಯಾರು ಹೇಳ್ಕೊಟ್ರು ನಿಂಗೆ? ನಿಮ್ಮಮ್ಮ ಹೇಳ್ಕೊಟ್ಳಾ?"

ಕೂಗು ಕೇಳಿ ಅಡುಗೆಮನೆಯಿಂದ ಸೌಮ್ಯ ಬಂದಳು; ಮೇಲಿನಿಂದ ನಂದಕುಮಾರ, ಶಾಲಿನಿ ಇಬ್ಬರೂ ಇಳಿದು ಬಂದರು. ನಂದಕುಮಾರ ತಾಯಿಗೆ ನೀರು ಕುಡಿಸಿ, ಕೋಣೆಯಲ್ಲಿ ಮಲಗಿಸಿ ಬಂದು ಇಂಚರಳ ಕಡೆ ತಿರುಗಿದ.

"ಏನಮ್ಮ ನಿನ್ನ ಗಲಾಟೆ? ಅವರ ಬಿಪಿ ಎಷ್ಟಿದೆ ಗೊತ್ತಾ? ಹಬ್ಬ ಮುಗಿಯೋವರೆಗೂ ಆ ಪೇಪರ್ರು ಇಲ್ಲಿ ತರಬೇಡ."

ಶಾಲಿನಿ ಸಿಪ್ಪೆ ಗುಡಿಸುತ್ತಲೇ ಸಿಟ್ಟು ತೀರಿಸಿಕೊಂಡಳು. "ನಾನು ಕೇಳ್ಕೊಂಡಿದ್ನಾ ಇಂಚು, ನನ್ನ ಬರಿ ಅಂತ? ಈಗ ನೋಡು, ನಾನು ಏನೋ ಕಿತ್ಕೊಂಡೆ ಅನ್ನೋ ಹಂಗೆ ಭಾವ ನನ್ನ ಮುಖಾನೇ ನೋಡ್ತಿಲ್ಲ. ಅಕ್ಕ, ನೀವೇ ಎಡೆ ಇಡಿ. ಅತ್ತೆಗೆ ನಾನು ಹೇಳ್ತೀನಿ. ಏನು, ಬಯ್ತಾರೆ, ಬಯ್ಲಿ."

"ಹೇಳ್ದೆಯಲ್ಲ ಅವತ್ತೇ. ಕೇಳಿದ್ರಾ?" ಎಂದಳು ಸೌಮ್ಯ. "ಅವರು ಬೇಡ ಅಂದ ಮೇಲೆ ಹಟ ಮಾಡಿ ಇಟ್ರೆ ಅದು ಮಾವಂಗೆ ಸೇರುತ್ತಾ? ನೀನೇ ಇಡು. ಉಪವಾಸ ಸರಿಯಾಗಿರು. ಕಾಫಿ ಗೀಫಿ ಅಂತ ಕುಡಿದುಬಿಡ್ಬೇಡ."

ಹಬ್ಬದ ದಿನ ಸೌಮ್ಯ ಬೆಳಗಿನಿಂದ ಒಲೆ ಮುಂದೆಯೇ ಇದ್ದಳು. ಮಟನ್ ಸಾರು, ಮುದ್ದೆ, ಒಡೆ, ಕಜ್ಜಾಯ. ತಲೆಗೆ ಎರೆದುಕೊಂಡು ಹೊಸ ಸೀರೆಯುಟ್ಟ ಶಾಲಿನಿ ಬಾಳೆಯೆಲೆ ಒರೆಸಿದಳು. ಬೈರಣ್ಣನ ಫೋಟೊದ ಮುಂದೆ ಬಿಳಿ ಪಂಚೆ, ಬೀಡಿ ಕಟ್ಟು, ಎಲೆಯಡಿಕೆ ಇಟ್ಟರು. ಸೌಮ್ಯ ಅಡುಗೆಮನೆಯಿಂದ ಒಂದೊಂದಾಗಿ ತಂದು ಹೊಸ್ತಿಲಲ್ಲಿ ನಿಂತು ಕೊಟ್ಟಳು. ಶಾಲಿನಿ ಈಸಿಕೊಂಡು ಬಡಿಸಿದಳು.

"ಸಾರು ಎಲೆಯ ಎಡಕ್ಕಾ, ಬಲಕ್ಕಾ ಅಕ್ಕ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಾದ್ರೂ ಹಾಕು, ತಿಂತಾರೆ," ಎಂದಳು ಸೌಮ್ಯ.

ಧೂಪ ಹಾಕಿ ಕೈಮುಗಿದು ಎಲ್ಲರೂ ಹೊರಗೆ ಬಂದರು. ಶಾಲಿನಿ ಬಾಗಿಲು ಎಳೆದುಕೊಂಡಳು. ಹಿರಿಯರು ಬಂದು ಉಣ್ಣುವವರೆಗೆ ಮನೆಯೊಳಗೆ ಯಾರೂ ಇರಬಾರದು; ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಮಂಗಮ್ಮನಿಗೆ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಉಳಿದವರು ಮೆಟ್ಟಿಲ ಮೇಲೆ, ಸ್ಕೂಟರಿನ ಮೇಲೆ ಕೂತರು. ಎದುರಿನ ಅಪಾರ್ಟ್‌ಮೆಂಟಿನ ಕಾವಲುಗಾರ ಇವರನ್ನೇ ನೋಡುತ್ತಿದ್ದ. ಆಟೋದವನೊಬ್ಬ ಇಷ್ಟು ಜನ ಹೊರಗೆ ಕೂತಿರುವುದು ಕಂಡು ನಿಧಾನ ಮಾಡಿ ಹೋದ.

"ಸುಮ್ನೆ ಎಷ್ಟು ಹೊತ್ತು ಕೂರೋದು. ಇಂಚು, ಆ ಕಥೆ ಓದೇ," ಎಂದಳು ಮಂಗಮ್ಮ.

"ಒಳಗಿದೆ ಅಜ್ಜಿ."

"ಹಂಗಾದ್ರೆ ಬಾಯಲ್ಲೇ ಹೇಳ್ರಿ ಯಾರಾದ್ರೂ. ಅವರು ಒಳಗೆ ಉಣ್ತಾ ಇರೋವಾಗ ಹೊರಗೆ ಅವರ ಮಾತು ಇರಬೇಕು. ಶಾಲಿನಿ, ಹೇಳೇ."

ಶಾಲಿನಿ ತಲೆ ತಗ್ಗಿಸಿ ಸೆರಗಿನ ಅಂಚು ಬಿಡಿಸತೊಡಗಿದಳು.

"ನಾನು ಹೇಳ್ಲಾ ಅತ್ತೆ?" ಎಂದಳು ಸೌಮ್ಯ.

ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ಶಿವರಾಮ ತಿರುಗಿ ನೋಡಿದ.

"ಹೇಳು, ಹೇಳು."

"ಮಾವ ಬಿದ್ದ ಮೇಲೆ ಅವರ ಬಾಯಲ್ಲಿ ಉಳಿದಿದ್ದು ಒಂದೇ ಮಾತು," ಎಂದು ಸೌಮ್ಯ ಶುರುಮಾಡಿದಳು. "ಹೋಗು. ಹಸಿವಾದ್ರೂ ಹೋಗು, ನೀರಡಿಕೆ ಆದ್ರೂ ಹೋಗು, ಮಗ್ಗುಲು ಬದಲಾಯಿಸ್ಬೇಕಾದ್ರೂ ಹೋಗು. ಇಂಚು ಅದನ್ನ ಬರೆದಿಲ್ಲ. ತಾತನ ಬಾಯಲ್ಲಿ ಅದು ಚೆನ್ನಾಗಿರಲ್ಲ ಅಂತ ಬಿಟ್ಟಿರ್ಬೇಕು. ಬಂದೋರೆಲ್ಲ, ಹೋಗು ಅಂದ್ರಲ್ಲ ಅಂತ ಮುಖ ಸಣ್ಣ ಮಾಡ್ಕೊಂಡು ಎದ್ದು ಹೋಗೋರು. ಅವರ ಮಕ್ಕಳೂ ಹೋಗೋರು."

ನಂದಕುಮಾರ ಮೊಬೈಲನ್ನು ಜೇಬಿಗೆ ಹಾಕಿದ.

"ಗಂಜಿ ತಿನ್ನಿಸ್ತಾ ಇದ್ದಾಗ ಒಂದಿನ ಕೈ ಬೀಸಿದ್ರು. ಕೆನ್ನೆಗೆ ಬಿತ್ತು. ಬಾಗಿಲಲ್ಲಿ ಇಂಚು ನಿಂತಿದ್ಲು. ಮಗಳು ನೋಡ್ತಿದ್ದಾಳಲ್ಲ ಅಂತ ನಾನು ಏನೂ ಅನ್ನಲಿಲ್ಲ. ಅವಳು ಅಷ್ಟೇ ನೋಡಿದ್ದು. ಅವಳು ಆ ಕಡೆ ಹೋದ ಮೇಲೆ ಅಂದೆ. 'ನಿಮ್ಮ ಮಗ ಒಂದಿನಾನೂ ನನ್ನ ಮೇಲೆ ಕೈ ಎತ್ತಿಲ್ಲ, ನೀವ್ಯಾರು ಹೊಡೆಯೋಕೆ? ಇವತ್ತಿಂದ ನಿಮ್ಮ ಗಂಜಿ ನೀವೇ ತಿನ್ನಿ, ನಿಮ್ಮ ಹೇಲು ನೀವೇ ತೊಳ್ಕೊಳ್ಳಿ' ಅಂತ ಅಂದುಬಿಟ್ಟೆ. ಬಟ್ಟಲು ಕುಕ್ಕಿ ಎದ್ದು ಹೊರಟೆ. ಅವರು ಹಿಂದಿಂದ ಕೂಗ್ತಾನೇ ಇದ್ರು. ಹೋಗು, ಹೋಗು, ಹೋಗು. ಹೋಗ್ತಾನೇ ಇದ್ದೀನಲ್ಲ, ಇನ್ನೇನು ಕೂಗ್ತೀರಿ ಅಂತ ಹೊಸ್ತಿಲಲ್ಲಿ ತಿರುಗಿ ನೋಡಿದೆ. ಕಣ್ಣಲ್ಲಿ ನೀರು ಸುರೀತಿದೆ. ಕೈ ಚಾಚಿದ್ದಾರೆ. ಹೋಗ್ಬೇಡ ಅಂತಿದ್ದಾರೆ ಅಂತ ಅವತ್ತು ಗೊತ್ತಾಯ್ತು. ವಾಪಸ್ ಬಂದು ಕೂತೆ. ಚೆಲ್ಲಿದ್ದು ಒರೆಸಿ, ಮಿಕ್ಕಿದ್ದನ್ನ ತಿನ್ನಿಸ್ದೆ. ಅದಾದ ಮೇಲೆ ಅವರು ಎಷ್ಟು ಸಲ ಹೋಗು ಅಂದ್ರೂ ನಾನು ಹೋಗಲಿಲ್ಲ."

ಇಂಚರ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಅವಳು ಬರೆದ ಯಾವ ಕರಡಿನಲ್ಲೂ ಈ ಹೆಂಗಸು ಇರಲಿಲ್ಲ.

ಶಿವರಾಮ ಎದ್ದು ಗೇಟಿನ ತನಕ ಹೋಗಿ ರಸ್ತೆಗೆ ಮುಖ ಮಾಡಿ ನಿಂತ. ಮಂಗಮ್ಮ ಸೆರಗಿನಿಂದ ಕಣ್ಣು, ಮೂಗು ಎಲ್ಲ ಒರೆಸಿಕೊಂಡಳು. ಕೈ ಚಾಚಿ ಸೌಮ್ಯಳ ಭುಜ ಸವರಿದಳು.

"ಎಷ್ಟು ಚೆನ್ನಾಗಿ ಹೇಳ್ತೀಯೇ ಸೌಮ್ಯ," ಎಂದಳು. "ನೀನೇ ಮಾಡ್ದಂಗೆ ಹೇಳ್ತೀಯಲ್ಲೇ."

ಶಾಲಿನಿ, "ಅತ್ತೆ..." ಎಂದು ಬಾಯಿ ತೆರೆದಳು. ಸೌಮ್ಯ ಅವಳ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು.

"ಹೂ ಅತ್ತೆ," ಎಂದಳು ಸೌಮ್ಯ. ಮೆಟ್ಟಿಲಿಂದ ಎದ್ದು ಸೀರೆಯ ಹಿಂದೆ ಹತ್ತಿದ ಧೂಳು ಕೊಡವಿಕೊಂಡಳು. "ಶಾಲಿನಿ, ಹೊತ್ತಾಯ್ತು. ಬಾಗಿಲು ತಟ್ಟು."

"ನೀವು ತಟ್ಟಿ ಅಕ್ಕ."

"ಏಯ್, ಎಡೆ ಇಟ್ಟೋಳೇ ತಟ್ಟಬೇಕು," ಎಂದು ಮಂಗಮ್ಮ ಗದರಿದಳು.

ಶಾಲಿನಿ ಎದ್ದು ಹೋಗಿ ಬಾಗಿಲು ತಟ್ಟಿದಳು. ಸ್ವಲ್ಪ ಹೊತ್ತು ಕಾದು ತೆಗೆದಳು. ಒಳಗಿನ ಧೂಪದ ಹೊಗೆ ಎಲ್ಲರ ಮುಖಕ್ಕೆ ಬಂತು. ಮಂಗಮ್ಮನನ್ನು ಇಬ್ಬರು ಮಕ್ಕಳು ಹಿಡಿದುಕೊಂಡು ಒಳಗೆ ಕರೆದೊಯ್ದರು. ಸೌಮ್ಯ ಎಲ್ಲರಿಗಿಂತ ಕೊನೆಗೆ ಹೊಸ್ತಿಲು ದಾಟಿದಳು. ಯಾರಿಗೆ ಎಷ್ಟು ಮುದ್ದೆ ಎಂದು ಕೂಗಿ ಕೇಳುತ್ತ ಅಡುಗೆಮನೆಗೆ ಹೋದಳು.